ಮಿತವ್ಯಯದ ದಾಸೋಹ: ತಾಯಿಯ ತಾಟಿಗೂ ಪಾಲು ಬರಲಿ

ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಅಡುಗೆಮನೆಯ ವೆಚ್ಚಕ್ಕೆ. ಬೇಳೆಯ ಸಾರು ತೆಳುವಾಗುತ್ತದೆ. ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ಬರಿಯ ನೀರಾಗುತ್ತದೆ. ಆದರೆ ಸಂಜೆಯ ಚಹಾದೊಡನೆ ಬರುವ ಬಿಸ್ಕಿಟು, ಮಕ್ಕಳ ಕೈಯಲ್ಲಿನ ಕುರುಕಲು ತಿಂಡಿಯ ಪೊಟ್ಟಣ ಮಾತ್ರ ತಪ್ಪದೆ ಬರುತ್ತಿರುತ್ತವೆ. ಇದನ್ನು ಮಿತವ್ಯಯವೆಂದು ನಾವು ಒಪ್ಪಲಾರೆವು.

ಅಷ್ಟಾವರಣಗಳಲ್ಲಿ ಪ್ರಸಾದವನ್ನೂ ಒಂದಾಗಿ ಎಣಿಸಿದ ಧರ್ಮ ನಮ್ಮದು. ತಾಟಿನಲ್ಲಿ ಒಂದಗುಳನ್ನೂ ಚೆಲ್ಲಬಾರದೆಂಬ ಶಿಸ್ತು ನಮ್ಮ ಹಿರಿಯರಿಂದ ಬಂದದ್ದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಮುದ್ದೆ, ಸಾರು, ಅನ್ನವನ್ನು ಉಂಡು ಬೆಳೆದಿದ್ದಾರೆ. ಸರಳವಾದ ಊಟವೆಂದರೆ ಬಡ ಊಟವೆಂದು ಭಾವಿಸಬೇಕಾಗಿಲ್ಲ.

ಬಿಜಾಪುರ, ಬಾಗಲಕೋಟೆ, ಕಲಬುರ್ಗಿ ಸೀಮೆಯ ಹಳೆಯ ತಾಟನ್ನೇ ನೋಡೋಣ. ಜೋಳದ ರೊಟ್ಟಿ, ಮಡಕಿ ಅಥವಾ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಇಲ್ಲವೆ ಅಗಸಿಯ ಚಟ್ನಿ, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಮಜ್ಜಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 4 ಮಿಲಿಗ್ರಾಂ ಕಬ್ಬಿಣಾಂಶ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ರಾಗಿಯಲ್ಲಿ ಸುಣ್ಣಾಂಶ 360 ಮಿಲಿಗ್ರಾಮಿನಷ್ಟು, ಅಂದರೆ ಅಷ್ಟೇ ತೂಕದ ಆಕಳ ಹಾಲಿನ ಮೂರು ಪಟ್ಟು. ದನಗಳ ಮೇವೆಂದು ಕೆಲವರು ಮೂಗು ಮುರಿಯುವ ಹುರುಳಿಯಲ್ಲಿ ಪ್ರೋಟೀನು 21 ಗ್ರಾಮಿಗೂ ಹೆಚ್ಚು.

ಆದರೆ ಧಾನ್ಯ ಕಾಳುಗಳಲ್ಲಿರುವ ಕಬ್ಬಿಣಾಂಶವೆಲ್ಲವೂ ದೇಹಕ್ಕೆ ಸೇರುವುದಿಲ್ಲ. ಅದಕ್ಕೆ ಹುಳಿಯ ನೆರವು ಬೇಕು. ಪಲ್ಯಕ್ಕೆ ನಿಂಬೆರಸ ಹಿಂಡಿ ಉಂಡರೆ, ಕಾಳುಗಳನ್ನು ನೆನೆಸಿ ಮೊಳಕೆ ಕಟ್ಟಿ ಬಳಸಿದರೆ ಅದು ಹೆಚ್ಚು ದಕ್ಕುತ್ತದೆ. ಮೊಳಕೆ ಕಟ್ಟಿದ ಒಂದು ಹಿಡಿ ಹೆಸರು ಪಾತ್ರೆ ತುಂಬ ಉಬ್ಬುವುದನ್ನು ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಊಟದ ಬೆನ್ನಿಗೇ ಚಹಾ ಕುಡಿಯುವ ರೂಢಿ ಮಾತ್ರ ಈ ಗಳಿಕೆಯನ್ನೆಲ್ಲ ಕಳೆಯುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದೇ ವಯಸ್ಸಿನ ಪುರುಷರಲ್ಲಿ ಶೇ. 25. ತಿಂಗಳ ಮುಟ್ಟು, ಬಸಿರು, ಬಾಣಂತನಗಳಿಂದ ಹೆಣ್ಣಿನ ದೇಹಕ್ಕೆ ಕಬ್ಬಿಣಾಂಶ ಹೆಚ್ಚು ಬೇಕೆಂಬುದು ನಿಜ. ಆದರೆ ಹೆಚ್ಚು ಬೇಕಾದವಳ ತಾಟಿಗೇ ಕಡಿಮೆ ಬೀಳುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಯಜಮಾನರು, ಮಕ್ಕಳು, ಬಂದ ಅತಿಥಿಗಳು ಉಂಡೆದ್ದ ಮೇಲೆ ಪಲ್ಯದ ಬೋಗುಣಿಯಲ್ಲಿ ಉಳಿಯುವುದು ಬರಿಯ ರಸ. ಅದರೊಡನೆ ಎರಡು ರೊಟ್ಟಿ ತಿಂದು ಅವ್ವ ಏಳುತ್ತಾಳೆ. ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಹೆಣ್ಣಿಗೂ ಲಿಂಗದೀಕ್ಷೆಯ ಅಧಿಕಾರವಿತ್ತ ಸಮಾಜದ ಮನೆಯಲ್ಲಿ ಉಣ್ಣುವ ಸರದಿಯಲ್ಲೇಕೆ ಈ ಭೇದ? ಉಳಿತಾಯವೆಲ್ಲ ಒಬ್ಬಳ ಹೊಟ್ಟೆಯಿಂದಲೇ ನಡೆದಿದ್ದರೆ ಆ ಲೆಕ್ಕ ಆಸ್ಪತ್ರೆಯ ಬಿಲ್ಲಿನಲ್ಲಿ ತಿರುಗಿ ಬರುತ್ತದೆ.

ಹಾಲು-ಮೊಸರಿನ ವಿಷಯದಲ್ಲಿಯೂ ಎಚ್ಚರವಿರಬೇಕು. ಬಿ-12 ಜೀವಸತ್ವ ಕಾಳು, ಕಾಯಿಪಲ್ಯೆಗಳಿಂದ ದೊರೆಯದು. ಶಾಕಾಹಾರಿಗಳಾದ ನಮಗೆ ಅದರ ಮುಖ್ಯ ಮೂಲ ಹಾಲು, ಮೊಸರುಗಳೇ. ಆದ್ದರಿಂದ ಖರ್ಚು ತಗ್ಗಿಸುವಾಗ ಮೊದಲು ನಿಲ್ಲಬೇಕಾದುದು ಬೇಕರಿಯ ಪದಾರ್ಥ, ಪೊಟ್ಟಣದ ತಿಂಡಿ, ಬಾಟಲಿಯ ಪಾನೀಯ, ಮೊಸರು ಅಲ್ಲ. ಎಣ್ಣೆಯಲ್ಲಿ ಕರಿದುದು ಹಬ್ಬಕ್ಕಿರಲಿ.

ಕೊಳ್ಳುವುದರಲ್ಲಿಯೂ ಜಾಣತನವಿದೆ. ಹಿಂಗಾರಿನ ಜೋಳ ಸುಗ್ಗಿಯಾಗಿ ಪೇಟೆಗೆ ಬಂದಾಗ ಅನುಕೂಲವಿದ್ದವರು ವರ್ಷದ ಕಾಳು ಕೊಂಡು, ಚೆನ್ನಾಗಿ ಒಣಗಿಸಿ, ಬೇವಿನ ಎಲೆಯಿಟ್ಟು ತುಂಬಿಡುವುದು ಹಳೆಯ ಪದ್ಧತಿ. ಒಮ್ಮೆಗೇ ಅಷ್ಟು ಹಣ ಹೂಡಲಾಗದವರು ಎರಡು ಮೂರು ಮನೆ ಸೇರಿ ಒಂದು ಚೀಲ ತಂದು ಹಂಚಿಕೊಳ್ಳಬಹುದು. ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಕರಿಬೇವು ಇದ್ದರೆ ಸೊಪ್ಪಿಗೆ ಸಂತೆಯ ದಾರಿ ಕಾಯಬೇಕಾಗಿಲ್ಲ. ನುಗ್ಗೆಕಾಯಿಯನ್ನಷ್ಟೇ ಬಳಸಿ ಸೊಪ್ಪನ್ನು ಆಡಿಗೆ ಹಾಕುವವರು ಇಂದಿಗೂ ಇದ್ದಾರೆ. ಆ ಸೊಪ್ಪನ್ನು ತೊಗರಿಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಬಿಸಿ ರೊಟ್ಟಿಗೆ ಒಳ್ಳೆಯ ಜೊತೆ. ಬೋಗುಣಿಯನ್ನು ನಡುವೆ ಇಟ್ಟುಕೊಂಡು, ರೊಟ್ಟಿ ಬಡಿಯುವ ಕೆಲಸ ಮುಗಿಯುವವರೆಗೆ ಕಾದು, ಅವ್ವನೂ ಬಂದು ಕುಳಿತ ಮೇಲೆ ಬಡಿಸಿಕೊಳ್ಳಿರಿ.