ರಾಮೇಶ್ವರದ ಗಾಳಿಯಲ್ಲಿ ಗಾಳಿಪಟ: ದ್ವೀಪದ ಕೈಟ್‌ಸರ್ಫಿಂಗ್ ಪ್ರವಾಸಕ್ಕೊಂದು ಕೈಪಿಡಿ

ನವರಂಗಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಗಾಳಿಪಟವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಜನವರಿ 14ರ ಉತ್ತರಾಯಣದಂದು ಎಳ್ಳುಬೆಲ್ಲ ಹಂಚಿದ ಕೈಗಳೇ ಮಹಡಿಯ ಮೇಲೇರಿ ಫಿರ್ಕಿ ಹಿಡಿಯುತ್ತವೆ. "ಕಾಯ್ ಪೋ ಛೇ" ಎಂಬ ಕೂಗು ನಮ್ಮ ಮಕ್ಕಳಿಗೆ ಕನ್ನಡದಷ್ಟೇ ಸಲೀಸು. ಆ ಮಕ್ಕಳು ಬೆಳೆದು, ಗಾಳಿಪಟದ ಸೆಳೆತದಿಂದ ಕಡಲಿನ ಮೇಲೆ ಜಾರುವ ಕೈಟ್‌ಸರ್ಫಿಂಗ್ ಕಲಿಯಬೇಕೆಂದು ಕೇಳಿದಾಗ, ಒಪ್ಪಬೇಕೋ ಬೇಡವೋ ಎಂಬ ಆತಂಕ ಹೆತ್ತವರಿಗೆ ಸಹಜ. ಒಪ್ಪುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲು ನಾವು ಬಯಸುತ್ತೇವೆ.

ನಮ್ಮ ದೇಶದಲ್ಲಿ ಈ ಕ್ರೀಡೆಗೆ ಹೆಸರಾದ ತಾಣಗಳಲ್ಲಿ ರಾಮೇಶ್ವರವೂ ಒಂದು. ಹಿರಿಯರ ಮನಸ್ಸಿನಲ್ಲಿ ಕಾಶಿಯೊಡನೆ ಜೋಡಿಯಾಗಿ ನಿಂತಿರುವ ಅದೇ ಪುಣ್ಯಕ್ಷೇತ್ರ! ಸೌರಾಷ್ಟ್ರದ ಕರಾವಳಿ ನಮಗೆ ಹತ್ತಿರವಾದರೂ ಮಳೆಗಾಲದಲ್ಲಿ ಅಲ್ಲಿನ ಕಡಲು ಬಲು ಒರಟು. ಕಲಿಯುವವರಿಗೆ ಬೇಕಾದ ಆಳವಿಲ್ಲದ, ಅಲೆ ಕಡಿಮೆಯಿರುವ ನೀರು ರಾಮೇಶ್ವರ ದ್ವೀಪದ ಹಿನ್ನೀರುಗಳಲ್ಲಿ ದೊರೆಯುತ್ತದೆ.

ಏನಿದು ಕ್ರೀಡೆ?

ಕಾಲಿಗೆ ಹಲಗೆ, ಸೊಂಟಕ್ಕೆ ಬಲವಾದ ಪಟ್ಟಿ, ಆ ಪಟ್ಟಿಗೆ ಇಪ್ಪತ್ತು ಮೀಟರಿಗೂ ಉದ್ದವಾದ ನಾಲ್ಕು ಅಥವಾ ಐದು ದಾರಗಳಿಂದ ಬಿಗಿದ ದೊಡ್ಡ ಗಾಳಿಪಟ: ಇಷ್ಟೇ ಇದರ ಸಲಕರಣೆ. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ, ನೀರಿಗೆ ಬಿದ್ದರೂ ಮುಳುಗದಂತೆ ಅಂಚಿನಲ್ಲಿ ಗಾಳಿ ತುಂಬಿದ ಪಟವನ್ನು ರೂಪಿಸಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಾರ್ಸೇಲ್ ಕಡಲಲ್ಲಿ ಈ ಕ್ರೀಡೆಯ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು.

ಮಹಡಿಯ ಮೇಲಿನ ಪಟವನ್ನು ನಾವು ಎಳೆಯುತ್ತೇವೆ. ಕಡಲ ಮೇಲಿನ ಪಟ ನಮ್ಮನ್ನು ಎಳೆಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಪಟದ ಸೆಳೆತ ನಾಲ್ಕು ಪಟ್ಟಾಗುತ್ತದೆ. ಆದುದರಿಂದಲೇ ಗಾಳಿ ಹೆಚ್ಚಿದಂತೆ ಚಿಕ್ಕ ಪಟವನ್ನು ಬಳಸಬೇಕು. ಮಂದಗಾಳಿಗೆ 12 ಚದರ ಮೀಟರಿನ ಪಟ ಹಿಡಿದವರು ಬಿರುಗಾಳಿಗೆ 7 ಚದರ ಮೀಟರಿಗೆ ಇಳಿಯುತ್ತಾರೆ. ಈ ಲೆಕ್ಕ ತಪ್ಪಿದಾಗಲೇ ಅನೇಕ ಅಪಘಾತಗಳು ಸಂಭವಿಸುತ್ತವೆ.

ಎರಡು ಕಡಲು, ಎರಡು ಗಾಳಿ

ರಾಮೇಶ್ವರ ದ್ವೀಪವು ಆಗ್ನೇಯಕ್ಕೆ ಕಿರಿದಾದ ಮರಳ ನಾಲಗೆಯನ್ನು ಚಾಚಿಕೊಂಡಿದೆ. ಅದರ ತುದಿಯಲ್ಲಿರುವುದೇ ಧನುಷ್ಕೋಟಿ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಶಾಂತವಾದ ಉತ್ತರದ ನೀರನ್ನು ಹೆಣ್ಣುಕಡಲೆಂದೂ ಅಬ್ಬರದ ದಕ್ಷಿಣದ ನೀರನ್ನು ಗಂಡುಕಡಲೆಂದೂ ಅಲ್ಲಿನ ಜನ ಕರೆಯುತ್ತಾರೆ.

ಬೇಸಿಗೆಯ ನಡುವಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಗಾಳಿ ಭಾರತ ಮತ್ತು ಶ್ರೀಲಂಕಾಗಳ ನಡುವಿನ ಕಿರಿದಾದ ಹಾದಿಯಲ್ಲಿ ನುಗ್ಗಿ ಬಲಗೊಳ್ಳುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯದ ಗಾಳಿ ಬೀಸುತ್ತದೆ. ಒಂದು ಋತುವಿನಲ್ಲಿ ಅಲೆಯೆದ್ದ ದಡವೇ ಮತ್ತೊಂದು ಋತುವಿನಲ್ಲಿ ತಣ್ಣಗಿರುತ್ತದೆ.

ಆದರೆ ತಣ್ಣಗಿರುವ ದಡವೆಲ್ಲ ಸುರಕ್ಷಿತವೆಂದು ಭಾವಿಸಬಾರದು. ಭೂಮಿಯಿಂದ ಕಡಲಿಗೆ ಬೀಸುವ ಗಾಳಿ ನೀರನ್ನು ಕನ್ನಡಿಯಂತೆ ಇಟ್ಟಿರುತ್ತದೆ. ಪಟ ಕೆಳಗೆ ಬಿದ್ದರೆ ಆಟಗಾರನನ್ನು ದೂರದ ಆಳಕ್ಕೆ ಒಯ್ಯುವುದೂ ಅದೇ ಗಾಳಿ. ಧನುಷ್ಕೋಟಿಯಿಂದ ಶ್ರೀಲಂಕಾದ ತಲೈಮನ್ನಾರಿಗೆ ಸುಮಾರು 30 ಕಿ.ಮೀ. ಮಾತ್ರ ದೂರವಿದ್ದು, ಇವೆರಡರ ನಡುವೆ ಅಂತಾರಾಷ್ಟ್ರೀಯ ಗಡಿ ಇದೆ. ದಡಕ್ಕೆ ಸಮನಾಗಿ ಅಥವಾ ಓರೆಯಾಗಿ ದಡದತ್ತ ಬೀಸುವ ಗಾಳಿಯೇ ಕಲಿಯುವವರಿಗೆ ತಕ್ಕದ್ದು.

ರಜೆ ನೋಡಿ ಅಲ್ಲ, ಗಾಳಿ ನೋಡಿ

ಈ ಪ್ರವಾಸದ ಯೋಜನೆಯಲ್ಲಿ ಮುಖ್ಯವಾದ ಮಾತು ಇದೇ. ಗುಜರಾತಿನ ಶಾಲೆಗಳಿಗೆ ದೀಪಾವಳಿಯಲ್ಲಿ ಸುಮಾರು ಮೂರು ವಾರಗಳ ರಜೆ ದೊರೆಯುವುದರಿಂದ ನಮ್ಮವರ ದೂರಪ್ರವಾಸಗಳು ಹೆಚ್ಚಾಗಿ ಆಗಲೇ ನಡೆಯುತ್ತವೆ. ಈ ಕ್ರೀಡೆಗೆ ಅದು ತಕ್ಕ ಕಾಲವಲ್ಲ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಒಂದು ಗಾಳಿ ಅಡಗಿ ಮತ್ತೊಂದು ನೆಲೆಗೊಳ್ಳುತ್ತಿರುತ್ತದೆ. ತಮಿಳುನಾಡಿನ ಕರಾವಳಿಗೆ ಅದು ಮಳೆ ಮತ್ತು ಚಂಡಮಾರುತಗಳ ಕಾಲ.

ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳು ಮೇ ತಿಂಗಳ ರಜೆಯನ್ನು ಆರಿಸಿಕೊಳ್ಳುವುದು ಉತ್ತಮ. ಉದ್ಯೋಗದಲ್ಲಿರುವ ತರುಣರು ಉತ್ತರಾಯಣವನ್ನು ಇಲ್ಲಿ ಮುಗಿಸಿಕೊಂಡು ಜನವರಿಯ ಕೊನೆಯಲ್ಲಿ ಹೊರಡಬಹುದು. ಮೊದಲ ಹಂತದ ಕಲಿಕೆಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳು ಬೇಕು. ಗಾಳಿಯಿಲ್ಲದ ದಿನಗಳಿಗಾಗಿ ಇನ್ನೆರಡು ದಿನ ಕೈಯಲ್ಲಿರಲಿ. ದೇವಸ್ಥಾನದ ತೀರ್ಥಸ್ನಾನ, ಪ್ರಾಕಾರಗಳ ದರ್ಶನ ಹಾಗೂ 1931ರಲ್ಲಿ ಅಲ್ಲಿ ಜನಿಸಿದ ಅಬ್ದುಲ್ ಕಲಾಂ ಅವರ ಸ್ಮಾರಕದ ಭೇಟಿಗೆ ಆ ದಿನಗಳು ಒದಗುತ್ತವೆ. ಹೀಗೆ ಅಜ್ಜ ಅಜ್ಜಿಯರ ಯಾತ್ರೆಯೂ ಮೊಮ್ಮಕ್ಕಳ ಆಟವೂ ಒಂದೇ ಪ್ರಯಾಣದಲ್ಲಿ ನೆರವೇರುತ್ತವೆ.

ತಲುಪುವ ಬಗೆ

ವಾರಕ್ಕೊಮ್ಮೆ ಸಂಚರಿಸುವ ಓಖಾ–ರಾಮೇಶ್ವರಂ ಎಕ್ಸ್‌ಪ್ರೆಸ್ ಅಹಮದಾಬಾದಿನ ಮೂಲಕವೇ ಹಾದುಹೋಗುತ್ತದೆ; ಇಲ್ಲಿಂದ ಸುಮಾರು ಎರಡು ದಿನಗಳ ಪಯಣ. 1914ರಲ್ಲಿ ತೆರೆದ ಹಳೆಯ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ಸಂಚಾರ ನಿಂತಿತು. 2025ರ ಏಪ್ರಿಲ್ 6ರಂದು ಹೊಸ ಸೇತುವೆ ಉದ್ಘಾಟನೆಗೊಂಡಿತು. ವಿಮಾನದಲ್ಲಿ ಹೋಗುವವರು ಮಧುರೈಯಲ್ಲಿ ಇಳಿದು ಸುಮಾರು 170 ಕಿ.ಮೀ. ರಸ್ತೆಯಲ್ಲಿ ಸಾಗಬೇಕು. ಬೆಂಗಳೂರಿನ ಬಂಧುಗಳನ್ನು ಕಂಡು ಮುಂದುವರಿಯುವುದೂ ಸಾಧ್ಯ. ಕಲಿಯುವವರು ಸಲಕರಣೆ ಕೊಳ್ಳಬೇಕಾಗಿಲ್ಲ; ತರಬೇತಿ ಕೊಡುವವರೇ ಅದನ್ನು ಒದಗಿಸುತ್ತಾರೆ.

ಹಣ ಕಟ್ಟುವ ಮುನ್ನ ಕೇಳಬೇಕಾದುದು

ಬೋಧಕರಿಗೆ ಮಾನ್ಯತೆ ಪಡೆದ ಪ್ರಮಾಣಪತ್ರವಿದೆಯೇ? ಒಬ್ಬ ಬೋಧಕರಿಗೆ ಎಷ್ಟು ಮಂದಿ ಶಿಷ್ಯರು? ಆಳಕ್ಕೆ ಹೋದವರನ್ನು ಕರೆತರಲು ದೋಣಿ ಸಿದ್ಧವಿರುತ್ತದೆಯೇ? ಶಿರಸ್ತ್ರಾಣ ಮತ್ತು ತೇಲುವ ಅಂಗಿಯನ್ನು ಕಡ್ಡಾಯ ಮಾಡಿದ್ದಾರೆಯೇ? ಗಾಳಿಯಿಲ್ಲದ ದಿನದ ಶುಲ್ಕವನ್ನು ಏನು ಮಾಡುತ್ತಾರೆ? ಇವನ್ನು ಕೇಳಲು ಸಂಕೋಚಪಡಬಾರದು. ನಮ್ಮ ಕಡೆಯಿಂದಲೂ ಸಿದ್ಧತೆ ಬೇಕು. ಈಜು ಬಾರದ ಮಗುವನ್ನು ಕಳುಹಿಸಬಾರದು. ಪ್ರವಾಸ ವಿಮೆಯಲ್ಲಿ ಸಾಹಸಕ್ರೀಡೆಯ ಗಾಯಗಳು ಸೇರಿವೆಯೇ ಎಂದು ಓದಿ ನೋಡಬೇಕು. ಪಟವನ್ನು ಕ್ಷಣಮಾತ್ರದಲ್ಲಿ ಕಳಚುವ ಕೊಂಡಿಯನ್ನು ಕಣ್ಣು ಮುಚ್ಚಿಯೂ ಬಳಸಬಲ್ಲಂತೆ ಮರಳಿನ ಮೇಲೆಯೇ ಅಭ್ಯಾಸ ಮಾಡಿಸಲಿ.

ಮನ್ನಾರ್ ಕೊಲ್ಲಿಯ 21 ಕಿರುದ್ವೀಪಗಳು 1986ರಿಂದ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ಅನುಮತಿಯಿಲ್ಲದೆ ಅತ್ತ ಹೋಗುವಂತಿಲ್ಲ. ಮೀನುಗಾರರ ಬಲೆ ಮತ್ತು ದೋಣಿಗಳಿಂದಲೂ ದೂರವಿರಬೇಕು. ನಮಗೆ ಆಟವಾದ ಆ ನೀರು ಅವರಿಗೆ ಜೀವನೋಪಾಯ.

1964ರ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತವು ಧನುಷ್ಕೋಟಿಯ ಪಟ್ಟಣವನ್ನೇ ಅಳಿಸಿಹಾಕಿ, ಪ್ರಯಾಣಿಕರಿದ್ದ ರೈಲೊಂದನ್ನು ಕಡಲಿಗೆ ಸೆಳೆಯಿತು. ಚರ್ಚಿನ ಮತ್ತು ರೈಲುನಿಲ್ದಾಣದ ಪಾಳುಗೋಡೆಗಳು ಇಂದಿಗೂ ಅಲ್ಲಿವೆ. ಮಕ್ಕಳನ್ನು ನೀರಿಗಿಳಿಸುವ ಮುನ್ನ ಅವನ್ನು ತೋರಿಸಬೇಕೆಂಬುದು ನಮ್ಮ ಸಲಹೆ. ಹೆದರಿಸುವುದು ಇದರ ಉದ್ದೇಶವಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ನೀಡಿದ ದಿನ ಪಟವನ್ನು ಮಡಿಸಿಟ್ಟು ದಡದಲ್ಲಿ ಕುಳಿತುಕೊಳ್ಳುವ ವಿವೇಕವೂ ಈ ಕ್ರೀಡೆಯ ಪಾಠವೇ. ಆ ಪಾಠ ಕಲಿತ ಮಗುವಿಗೆ ಹೆತ್ತವರು ನೆಮ್ಮದಿಯಿಂದ ಒಪ್ಪಿಗೆ ಕೊಡಬಹುದು.