ಪಾಲಬಾವಿಯ ಕಬ್ಬು, ಜಿನೀವಾದ ಲೆಕ್ಕ

2025ರ ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕುಳಿತಿದ್ದರು. ಕೊನೆಗೆ ಇತ್ಯರ್ಥವಾದದ್ದು 3,300ಕ್ಕೆ, ಅದೂ ಶೇ 11.25ರ ಸಕ್ಕರೆ ಇಳುವರಿಗೆ. ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರುಗಳಲ್ಲಿ ಮಗಳ ಮದುವೆಯಿಂದ ಹಿಡಿದು ಸೊಸೈಟಿ ಸಾಲದವರೆಗೆ ಎಲ್ಲವೂ ಕಾರ್ಖಾನೆಯ ಬಿಲ್ಲಿಗೇ ಕಾಯುತ್ತವೆ.

ರೈತರಿಗೆ ಸಾಲದೆನಿಸುವ ಕಬ್ಬಿನ ಸರ್ಕಾರಿ ದರವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿಯೊಂದು ಅತಿಯಾಯಿತು ಎಂದಿದೆ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಜಿನೀವಾದಲ್ಲಿ ಭಾರತದ ಮೇಲೆ ದೂರು ಹೂಡಿದವು. 2021ರ ಡಿಸೆಂಬರ್ 14ರ ವರದಿ ಭಾರತದ ವಿರುದ್ಧ ಬಂತು. 2014-15ರಿಂದ ಐದು ಹಂಗಾಮು ಕಬ್ಬಿಗೆ ಕೊಟ್ಟ ಬೆಂಬಲ, ಬೆಳೆಯ ಒಟ್ಟು ಮೌಲ್ಯದ ಶೇ 10ರ ಮಿತಿಯನ್ನು ಮೀರಿದೆ ಎಂದು ಸಮಿತಿ ಹೇಳಿತು. ಸಕ್ಕರೆ ರಫ್ತಿನ ಸಹಾಯಧನವೂ ತಪ್ಪು ಎಂದಿತು.

ರಫ್ತಿನ ಮಾತನ್ನು ಒಪ್ಪಬಹುದು, ಅದು ಖಜಾನೆಯ ದುಡ್ಡು. ಆದರೆ ಎಫ್‌ಆರ್‌ಪಿಯನ್ನು, ಅಂದರೆ ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು, ಕೇಂದ್ರ ನಿಗದಿ ಮಾಡುತ್ತದಷ್ಟೆ, ಹಣ ಕೊಡುವವರು ಕಾರ್ಖಾನೆಯವರು. ಭಾರತ ಇದನ್ನೇ ವಾದಿಸಿತು. ಸರ್ಕಾರ ದರ ಕಟ್ಟಿದರೆ ಸಾಕು, ತಾನೇ ಖರೀದಿಸಬೇಕಿಲ್ಲ ಎಂದು ಸಮಿತಿ ಆ ವಾದವನ್ನು ತಳ್ಳಿಹಾಕಿತು.

ಇದಕ್ಕಿಂತ ದೊಡ್ಡ ಅನ್ಯಾಯ ಲೆಕ್ಕದ ರೀತಿಯಲ್ಲೇ ಇದೆ. 1995ರಲ್ಲಿ ಜಾರಿಗೆ ಬಂದ ಕೃಷಿ ಒಪ್ಪಂದ ಇಂದಿನ ದರವನ್ನು 1986-88ರ ಅಂತರರಾಷ್ಟ್ರೀಯ ಬೆಲೆಯ ಪಕ್ಕ ಇಟ್ಟು ಅಳೆಯುತ್ತದೆ. ನಡುವಿನ ವ್ಯತ್ಯಾಸವನ್ನು ಆ ದರಕ್ಕೆ ಅರ್ಹವಾದ ಇಡೀ ಬೆಳೆಯಿಂದ ಗುಣಿಸಿದರೆ ಅದೇ 'ಬೆಂಬಲ'. ಅಂದಿನಿಂದ ಡೀಸೆಲ್, ಗೊಬ್ಬರ, ಕಡಿಯುವ ಟೋಳಿಯ ಕೂಲಿ ಎಲ್ಲಿಗೆ ಹೋದವೆಂಬುದು ಈ ಲೆಕ್ಕಕ್ಕೆ ತಿಳಿಯದು.

ಭಾರತ ಮೇಲ್ಮನವಿ ಹಾಕಿತು. ಅಮೆರಿಕ ನೇಮಕಾತಿಗೆ ಅಡ್ಡಗಾಲು ಹಾಕಿದ್ದರಿಂದ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದಲೇ ನಿಂತುಹೋಗಿತ್ತು. ಹೀಗಾಗಿ ವರದಿ ಜಾರಿಯಾಗಿಲ್ಲ, ರದ್ದೂ ಆಗಿಲ್ಲ. ಪೀಠ ಮತ್ತೆ ಕೂತ ದಿನ ಕಬ್ಬಿನ ದರ ಕಟಕಟೆಗೆ ಬರಬಹುದು.

ಇತ್ತ ನಮ್ಮದೇ ನೀತಿಯೂ ರೈತನ ಪರ ನಿಂತಿಲ್ಲ. 2022ರ ಜೂನ್‌ನಿಂದ ಸಕ್ಕರೆ ರಫ್ತಿಗೆ ಕಡಿವಾಣ ಬಿತ್ತು. 2019ರಲ್ಲಿ ಕಿಲೋಗೆ 31 ರೂಪಾಯಿ ಎಂದು ಕಟ್ಟಿದ ಸಕ್ಕರೆಯ ಕನಿಷ್ಠ ಮಾರಾಟ ದರ ಗುರ್ಲಾಪುರದ ಧರಣಿಯ ಹೊತ್ತಿಗೂ ಅಷ್ಟೇ ಇತ್ತು. ಕಾರ್ಖಾನೆಯವರು ಅದನ್ನೇ ತೋರಿಸಿ ಕೈ ಚೆಲ್ಲಿದರು. ದೆಹಲಿಯ ಸಂಧಾನಕಾರರು ಜಿನೀವಾಕ್ಕೆ ಹೋದಾಗ ಮೊದಲು ಕೇಳಬೇಕಾದದ್ದು 1986-88ರ ಆ ಬೆಲೆಯನ್ನು ಬದಲಿಸಿ ಎಂದು. ಇಲ್ಲಿ ಕೂತು ರಫ್ತಿನ ಬಾಗಿಲು ತೆರೆಯುವ, ಮುಚ್ಚುವ ತೀರ್ಮಾನವನ್ನು ನುರಿಸುವ ಹಂಗಾಮಿಗೆ ಮೊದಲೇ ಹೇಳಬೇಕು.