ಉಸಿರು ಮೊದಲು, ಎಲುಬು ಆಮೇಲೆ

ಕಾಗವಾಡ, ಶೇಡಬಾಳ, ಉಗಾರ, ಐನಾಪುರದ ಕಡೆ ನಸುಕಿನಲ್ಲಿ ರಸ್ತೆಯ ಮೇಲೆ ಓಡುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರು. ಒಬ್ಬರು ಸೈನ್ಯದ ಭರತಿಗೆ, ಇನ್ನೊಬ್ಬರು ಪೊಲೀಸ್ ಕೆಲಸಕ್ಕೆ. 1600 ಮೀಟರ್ ದೂರ, ಕೆಲವೇ ನಿಮಿಷದ ಗಡುವು. ಅದೇ ರಸ್ತೆಯಲ್ಲಿ ಐವತ್ತು ದಾಟಿದವರೊಬ್ಬರು, ಅದರಲ್ಲೂ ಮೊಣಕಾಲು ನೋವಿನವರೋ ಸಕ್ಕರೆ ಕಾಯಿಲೆಯವರೋ ಓಡಿದರೆ ಎದುರಿಗೆ ಬಂದವರು ಗಾಡಿ ನಿಲ್ಲಿಸಿ ಕೇಳುತ್ತಾರೆ: “ಯಾಕ್ರೀ ಕಾಕಾ, ಏನಾತು?” ಹೆಣ್ಣುಮಗಳಾದರೆ ಪ್ರಶ್ನೆ ಮನೆಯವರೆಗೂ ಬರುತ್ತದೆ. ಓಟ ಹರೆಯದವರದ್ದು, ಒಮ್ಮೆ ಜಡ್ಡಾಗಿ ಎದ್ದವರಿಗೆ ವಿಶ್ರಾಂತಿಯೇ ಮದ್ದು ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. 1894ರಲ್ಲಿ ವಿಲಿಯಂ ವಾನ್ಲೆಸ್ ಆಸ್ಪತ್ರೆ ಕಟ್ಟಿದಾಗಿನಿಂದ ಈ ಗಡಿಭಾಗದ ದೊಡ್ಡ ಜಡ್ಡಿಗೆಲ್ಲ ಮಿರಜವೇ ದಾರಿ. ಅಲ್ಲಿಂದ ಡಿಸ್ಚಾರ್ಜ್ ಆಗಿ ಬಂದವರನ್ನು ಮಾತನಾಡಿಸಲು ಬರುವ ಬೀಗರು ಬಿಜ್ಜರೆಲ್ಲ ಹೇಳುವುದು ಒಂದೇ ಮಾತು: “ಇನ್ನ ಆರಾಮ ಮಾಡ್ರಿ.”

ಆರಾಮ ಮಾಡಿದರೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಅಳೆದು ನೋಡಿದರು. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಏದುಸಿರು ಬಿಡುವಷ್ಟು ದುಡಿಯುವಾಗ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಇದೆಯಲ್ಲ, ಅದು ಆ ಮೂರು ವಾರದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ, 1996ರಲ್ಲಿ, ಅದೇ ಐವರನ್ನು ಹುಡುಕಿ ಕರೆತಂದರು. ಎಲ್ಲರಿಗೂ ಐವತ್ತರ ವಯಸ್ಸು, ಮೈಯಲ್ಲಿ ಬೊಜ್ಜು. ಆದರೂ ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟ, ಅಂದಿನ ಮೂರು ವಾರದ ಹಾಸಿಗೆ ಮಾಡಿದ್ದಕ್ಕಿಂತ ಕಡಿಮೆಯಿತ್ತು. ಆರು ತಿಂಗಳು ನಿಧಾನವಾಗಿ ನಡೆಸಿ, ಓಡಿಸಿ, ಸೈಕಲ್ ತುಳಿಸಿದ ಮೇಲೆ ಅವರ ಶಕ್ತಿ ಇಪ್ಪತ್ತರಲ್ಲಿ ಇದ್ದ ಮಟ್ಟಕ್ಕೆ ಮರಳಿತು. ಐದೇ ಜನರ ಅಧ್ಯಯನ, ನಿಜ. ಆದರೆ ಹಾಸಿಗೆಯಲ್ಲಿ ಕಳೆದುಹೋದ ಶಕ್ತಿ ಮರಳಿ ಸಿಗುವಂಥದ್ದು ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಯೋಗಗಳು ವಿರಳ.

ಹಾಗಾದರೆ ಭಯ ಯಾವುದರದ್ದು? ಎದೆಯದ್ದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ, ವ್ಯಾಯಾಮದ ಬೆನ್ನಿಗೇ ಹೃದಯಾಘಾತವಾಗಿ ತೀರಿಕೊಂಡಾಗ ಇಡೀ ಕರ್ನಾಟಕ ವ್ಯಾಯಾಮವನ್ನೇ ಅನುಮಾನದಿಂದ ನೋಡಿತು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಬರುವವರು ಹೆಚ್ಚಾದರು, ಎಷ್ಟೋ ಜನ ಬೆಳಗಿನ ನಡಿಗೆಯನ್ನೂ ಬಿಟ್ಟರು. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದ ದೇಶದವರಿಗಿಂತ ಸುಮಾರು ಐದಾರು ವರ್ಷ ಮುಂಚೆಯೇ ಬರುತ್ತದೆ.

ಆದರೆ ಅಪಾಯ ಯಾರಿಗೆ, ಯಾವಾಗ ಎಂದು ಬಿಡಿಸಿ ನೋಡಬೇಕು. 1993ರಲ್ಲಿ ಅಮೆರಿಕದ ವೈದ್ಯರು ಹೃದಯಾಘಾತವಾದ ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ ಲೆಕ್ಕ ಹಾಕಿದರು. ವಾರಕ್ಕೊಮ್ಮೆಯೂ ಮೈ ದಂಡಿಸದವರು ಒಮ್ಮೆಲೇ ಜೋರಾಗಿ ದಂಡಿಸಿದರೆ, ಆ ಒಂದು ತಾಸಿನಲ್ಲಿ ಹೃದಯಾಘಾತದ ಸಂಭವ ಉಳಿದ ಹೊತ್ತಿಗಿಂತ 107 ಪಟ್ಟು ಏರುತ್ತಿತ್ತು. ವಾರಕ್ಕೆ ಐದು ಸಲವಾದರೂ ದಂಡಿಸುವವರಲ್ಲಿ ಏರಿಕೆ 2.4 ಪಟ್ಟು ಮಾತ್ರ. ಹೃದಯವನ್ನು ಕೆಡಿಸುವುದು ಓಟಕ್ಕಿಂತ ಹೆಚ್ಚಾಗಿ ಅದರ ಹಠಾತ್ತನ. ವರ್ಷಗಟ್ಟಲೆ ಕೂತವರು ಒಂದು ದಿನ ಮಗನ ಜೊತೆ ಪಂಥ ಕಟ್ಟಿ ಓಡುವುದು ಅಪಾಯ. ಅದೇ ವ್ಯಕ್ತಿ ತಿಂಗಳುಗಟ್ಟಲೆ ಮೆಲ್ಲಗೆ ಏರಿಸುತ್ತ ಹೋದರೆ ಅಪಾಯ ಇಳಿಯುತ್ತದೆ. 1970ರ ದಶಕದಲ್ಲೇ ಕೆನಡಾದ ಟೆರೆನ್ಸ್ ಕವನಾ ಎಂಬ ವೈದ್ಯರು ಹೃದಯಾಘಾತದಿಂದ ಚೇತರಿಸಿಕೊಂಡ ತಮ್ಮ ಕೆಲವು ರೋಗಿಗಳನ್ನು ಹಂತಹಂತವಾಗಿ ತಯಾರು ಮಾಡಿ, 1973ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿಸಿದರು. ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಅಂಥ ರೋಗಿಗಳನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು.

ಆದ್ದರಿಂದ ಮೊದಲ ಹೆಜ್ಜೆ ತಾಲೂಕು ಆಸ್ಪತ್ರೆಯ ಕಡೆಗೆ. ಬಿಪಿ, ಸಕ್ಕರೆ, ಇಸಿಜಿ ನೋಡಿಸಿಕೊಳ್ಳಬೇಕು. ಸ್ಟೆಂಟ್ ಹಾಕಿಸಿಕೊಂಡವರು, ಎದೆನೋವು ಬಂದು ಹೋದವರು ತಮ್ಮ ಹೃದಯ ತಜ್ಞರನ್ನು ಕೇಳದೆ ಒಂದು ಹೆಜ್ಜೆಯೂ ಓಡಬಾರದು. ಓಡುವಾಗ ಎದೆ ಒತ್ತಿದಂತಾದರೆ, ದವಡೆ ಅಥವಾ ಎಡಗೈಗೆ ನೋವು ಹರಿದರೆ, ಕಣ್ಣು ಕತ್ತಲೆಗಟ್ಟಿದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬಾರದು. ಪುನೀತ್ ಹೆಸರಿನಲ್ಲೇ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆ ಇಂಥ ಹೊತ್ತಿಗಾಗಿಯೇ ಇದೆ. ಅದರಡಿ ಬರುವ ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ರಕ್ತನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.

ವೈದ್ಯರ ಒಪ್ಪಿಗೆ ಸಿಕ್ಕಿತು ಎಂದುಕೊಳ್ಳೋಣ. ಈಗ ಓಟ ಕಲಿಯುವವರ ದೊಡ್ಡ ಸಂಕಟ ಶುರುವಾಗುತ್ತದೆ, ಮತ್ತು ಅದು ಹೃದಯದಲ್ಲಿ ಅಲ್ಲ, ಕಾಲಲ್ಲಿ.

ನಮ್ಮ ದೇಹದ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಕಲಿಯುತ್ತವೆ. ಎಲ್ಲಕ್ಕಿಂತ ಚುರುಕು ರಕ್ತ. ಓಡಲು ತೊಡಗಿದ ಒಂದೆರಡು ವಾರದೊಳಗೆ ರಕ್ತದ ದ್ರವಭಾಗ ಹೆಚ್ಚುತ್ತದೆ; ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳತೊಡಗುತ್ತದೆ. ಆಮೇಲೆ ಸ್ನಾಯುಗಳ ಸರದಿ. ಜಾನ್ ಹೊಲೊಸ್ಜಿ ಎಂಬ ವಿಜ್ಞಾನಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಸ್ನಾಯುಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕಿಣ್ವಗಳು ಸುಮಾರು ಎರಡು ಪಟ್ಟಾಗುವುದನ್ನು 1967ರಲ್ಲಿ ತೋರಿಸಿದರು. ಮನುಷ್ಯರಲ್ಲೂ ಇದು ಕೆಲವೇ ವಾರಗಳ ಕೆಲಸ. ಹೀಗಾಗಿ ತಿಂಗಳು ಕಳೆಯುವಷ್ಟರಲ್ಲಿ ದಮ್ಮು ಹತ್ತುವುದು ನಿಂತು, “ಇನ್ನೂ ಓಡಬಲ್ಲೆ” ಎನಿಸುತ್ತದೆ. ಈ ಅನಿಸಿಕೆ ಸುಳ್ಳಲ್ಲ, ಆದರೆ ಅರ್ಧ ಸತ್ಯ.

ಏಕೆಂದರೆ ಎಲುಬು ಆಗಿನ್ನೂ ಅಗೆತದಲ್ಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಕಾಲ ಮೇಲೆ ಮೈಭಾರದ ಎರಡು–ಮೂರು ಪಟ್ಟು ಹೊರೆ ಬೀಳುತ್ತದೆ. ಆ ಹೊರೆಗೆ ತಕ್ಕಂತೆ ಎಲುಬು ತನ್ನನ್ನು ಮರುಕಟ್ಟಿಕೊಳ್ಳುತ್ತದೆ. ಹಳೆಯ ಮಾಳಿಗೆ ಮನೆಯ ತೊಲೆ ಬದಲಿಸುವಾಗ ಹಳೆಯದನ್ನು ಕಿತ್ತ ಮೇಲೆಯೇ ಹೊಸದನ್ನು ಕೂರಿಸುವುದು, ನಡುವೆ ಮಾಳಿಗೆ ಕೆಲಕಾಲ ಬಲಹೀನ. ಎಲುಬಿನ ಕೆಲಸವೂ ಹಾಗೇ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ದಣಿದ ಎಲುಬನ್ನು ಎರಡು–ಮೂರು ವಾರದಲ್ಲಿ ಕೊರೆದು ತೆಗೆಯುತ್ತವೆ. ಆ ಜಾಗ ತುಂಬಲು ಆಸ್ಟಿಯೋಬ್ಲಾಸ್ಟ್‌ಗಳಿಗೆ ಮೂರು ತಿಂಗಳಾದರೂ ಬೇಕು. ಉಸಿರು ಹುರುಪಿನಲ್ಲಿರುವ ಎರಡನೇ ತಿಂಗಳಲ್ಲೇ ಎಲುಬು ತಾತ್ಕಾಲಿಕವಾಗಿ ಸೊರಗಿರಬಹುದು. ಭರತಿಗೆ ಓಡುವ ಹುಡುಗರ ಮುಂಗಾಲಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುವುದು ಬಹುತೇಕ ಈ ಅವಧಿಯಲ್ಲೇ. ಅವರು ಎಣ್ಣೆ ತಿಕ್ಕಿಕೊಂಡು ಮತ್ತೆ ಓಡುತ್ತಾರೆ. ಬೆರಳಿನಿಂದ ಒತ್ತಿ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ನಡೆದರೂ ಹೆಚ್ಚುತ್ತಿದ್ದರೆ ಅದು ಎಣ್ಣೆಗೆ ಬಗ್ಗುವುದಲ್ಲ. ಓಟ ನಿಲ್ಲಿಸಿ ಎಲುಬಿನ ಡಾಕ್ಟರರಿಗೆ ತೋರಿಸಬೇಕು.

ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಇನ್ನೂ ನಿಧಾನಿ. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಹೆಚ್ಚಿದ ವಿಕಿರಣಶೀಲ ಇಂಗಾಲವನ್ನೇ ಗುರುತಾಗಿ ಹಿಡಿದು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಕಂಡುಕೊಂಡದ್ದು ಇದು: ಆ ರಜ್ಜುವಿನ ತಿರುಳು ಹದಿನೇಳರ ವಯಸ್ಸಿನೊಳಗೆ ರೂಪುಗೊಂಡರೆ ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಐವತ್ತರಲ್ಲಿ ಓಡುವವರ ಹಿಮ್ಮಡಿಯಲ್ಲಿ ಇರುವುದು ಹದಿಹರೆಯದ ನಾರು. ಅದನ್ನು ಕಾಪಾಡಿಕೊಂಡೇ ಓಡಬೇಕು.

ಮೊಣಕಾಲಿನ ವಿಷಯದಲ್ಲಿ ಮಾತ್ರ ನಮ್ಮ ಹೆದರಿಕೆ ವಿನಾಕಾರಣ ದೊಡ್ಡದು. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒತ್ತಿ ಬಿಟ್ಟಾಗಲೇ ಸುತ್ತಲಿನ ದ್ರವದಿಂದ ಅದಕ್ಕೆ ಪೋಷಣೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು ಮತ್ತು ಸೊಂಟದ ಸಂಧಿ ಸವೆತ ಶೇ 3.5 ಇದ್ದರೆ, ಕೂತೇ ಇರುವವರಲ್ಲಿ ಶೇ 10.2 ಇತ್ತು. ಸ್ಪರ್ಧೆಗಾಗಿ ಅತಿಯಾಗಿ ಓಡುವವರಲ್ಲಿ ಅದು ಶೇ 13.3ಕ್ಕೆ ಏರಿತ್ತು ಎಂಬುದನ್ನೂ ಮರೆಯಬಾರದು. ಈಗಾಗಲೇ ಸವೆದು, ಊದಿಕೊಂಡಿರುವ ಮೊಣಕಾಲಿನ ಮಾತು ಬೇರೆ. ಅಂಥವರಿಗೆ ನಡಿಗೆ, ಸೈಕಲ್ ಸಾಕು.

ಹಾಗಾಗಿ ಆರಂಭ ಎಷ್ಟು ಸಣ್ಣದಿರಬೇಕೆಂದರೆ ನಾಚಿಕೆಯಾಗಬೇಕು. ಜಗತ್ತಿನಾದ್ಯಂತ ಹೊಸಬರು ಅನುಸರಿಸುವ, 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ ಒಂಬತ್ತು ವಾರಗಳ ಕ್ರಮದ ಮೊದಲ ವಾರ ಹೀಗಿದೆ: ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ. ಜಡ್ಡಿನಿಂದ ಎದ್ದವರು ಅದಕ್ಕೂ ಮೊದಲು ಅರ್ಧ ತಾಸು ಸಲೀಸಾಗಿ ನಡೆಯುವಂತಾಗಿರಬೇಕು, ಮತ್ತು ಒಂದೊಂದು ವಾರದ ಪಾಠವನ್ನು ಎರಡು ವಾರ ಮಾಡಿದರೂ ತಪ್ಪಿಲ್ಲ. ವೇಗದ ಅಳತೆಗೆ ಕೈಗಡಿಯಾರ ಬೇಡ, ಬಾಯಿ ಸಾಕು. ಓಡುತ್ತ ಪಕ್ಕದವರ ಜೊತೆ ಒಂದು ಪೂರ್ತಿ ಮಾತು ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗಂತೂ ಇದೇ ನಂಬಿಕೆಯ ಅಳತೆ. ಆ ಮಾತ್ರೆ ನಾಡಿಯನ್ನು ತಗ್ಗಿಸಿಡುವುದರಿಂದ ಬಡಿತ ಎಣಿಸಿ ಪ್ರಯೋಜನವಿಲ್ಲ.

ಸಕ್ಕರೆ ಕಾಯಿಲೆಯವರ ಬಗ್ಗೆ ಬೇರೆಯೇ ಹೇಳಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಓಟ ಅವರಿಗೆ ಕೊಡುವ ಉಪಕಾರ ಸೊಗಸಾದದ್ದು. ರಕ್ತದ ಗ್ಲೂಕೋಸನ್ನು ಸ್ನಾಯುಕೋಶದೊಳಗೆ ಸೇರಿಸುವ ಗ್ಲೂಟ್–4 ಎಂಬ ಪ್ರೋಟೀನು ಮಾಮೂಲಾಗಿ ಇನ್ಸುಲಿನ್ನಿನ ಅಪ್ಪಣೆಗೆ ಕಾಯುತ್ತದೆ. ಸ್ನಾಯು ದುಡಿಯುವಾಗ ಆ ಅಪ್ಪಣೆ ಇಲ್ಲದೆಯೇ ಕೋಶದ ಅಂಚಿಗೆ ಬಂದು ಬಾಗಿಲು ತೆರೆಯುತ್ತದೆ. ಓಡಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ದಿನಕ್ಕಿಂತ ಹೆಚ್ಚು ಅಂತರ ಬಿಡಬೇಡಿ ಎನ್ನುವುದು ಇದಕ್ಕೇ. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ಓಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಓಡುವ ಮುನ್ನ ಸಕ್ಕರೆ ನೋಡಿಕೊಳ್ಳಬೇಕು, ಕಿಸೆಯಲ್ಲಿ ಗ್ಲೂಕೋಸ್ ಪುಡಿ ಇರಬೇಕು.

ಅವರ ಪಾದದ ಕಡೆಗೂ ಕಣ್ಣಿರಲಿ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಕೊಲ್ಲಾಪುರಿ ಚಪ್ಪಲಿಗೆ ಜೀವ ತುಂಬಿದವರು. ಅದರ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. ಆದರೆ ಅದು ನಡಿಗೆಯ ಪಾದರಕ್ಷೆ. ಮಧುಮೇಹದಿಂದ ಅಂಗಾಲು ಜೋಮು ಹಿಡಿದವರಿಗೆ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ. ಅವರಿಗೆ ಮುಚ್ಚಿದ, ಮೆತ್ತನೆಯ ಬೂಟು, ಕಾಲುಚೀಲ ಬೇಕೇ ಬೇಕು. ಬರಿಗಾಲಿನ ಓಟಕ್ಕೂ ಈ ಸೀಮೆಯಲ್ಲಿ ಇತಿಹಾಸವಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತರು ಬರಿಗಾಲಲ್ಲಿ ಓಡಿದ್ದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಆ ರೈತರ ಪಾದ ಎಳವೆಯಿಂದ ಹೊಲದಲ್ಲಿ ಹದಗೊಂಡದ್ದು. ನಲವತ್ತು ವರ್ಷ ಚಪ್ಪಲಿ ಹಾಕಿದ ಪಾದದಿಂದ ಅದನ್ನು ಕೇಳಬಾರದು.

ಹೆಣ್ಣುಮಕ್ಕಳು ಓಡಲು ಹೊರಟು ಎರಡೇ ನಿಮಿಷಕ್ಕೆ ಕುಸಿದು ಕೂತರೆ “ನನ್ನಿಂದಾಗದು” ಎಂದು ಬಿಟ್ಟುಬಿಡುತ್ತಾರೆ. ಬಿಡುವ ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಆಮ್ಲಜನಕ ಹೊರುವವರೇ ಕಡಿಮೆಯಿದ್ದಾಗ ದಮ್ಮು ಹತ್ತದೆ ಇರುತ್ತದೆಯೇ? ಕಬ್ಬಿಣಾಂಶದ ಮಾತ್ರೆ ಕೆಲವು ತಿಂಗಳು ತೆಗೆದುಕೊಂಡರೆ ಅದೇ ಕಾಲು ಅದೇ ದಾರಿಯನ್ನು ಸಲೀಸಾಗಿ ಕ್ರಮಿಸುತ್ತದೆ. ನಿಪ್ಪಾಣಿ ಕಡೆಯ ಬೀಡಿ ಸೇದುವವರಲ್ಲಿ ತೊಂದರೆ ಇನ್ನೊಂದು ಬಗೆಯದು: ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೀಡಿ ಬಿಟ್ಟ ಒಂದೆರಡು ದಿನದಲ್ಲೇ ರಕ್ತ ಅದರಿಂದ ಬಿಡುಗಡೆ ಹೊಂದುತ್ತದೆ.

ಎಲ್ಲಿ ಓಡುವುದು? ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ. ಕತ್ತಲಲ್ಲಿ ಡಾಂಬರು ರಸ್ತೆ ಬೇಡವೇ ಬೇಡ. ಶಾಲೆಯ ಮೈದಾನ, ರಾಯಬಾಗದ ಕಡೆಯಾದರೆ ಕಾಲುವೆಯ ದಂಡೆ ಒಳ್ಳೆಯದು. ಮಳೆ ಬಿದ್ದ ಯರಿ ಮಣ್ಣು ಕಾಲು ಜಾರಿಸುತ್ತದೆ, ಅಂದು ನಡೆದರೆ ಸಾಕು. ಬೇಸಿಗೆಯ ಬಿಸಿಲಿಗೆ ದೇಹ ಹೊಂದಿಕೊಳ್ಳಲು ಹತ್ತು–ಹದಿನಾಲ್ಕು ದಿನ ಹಿಡಿಯುತ್ತದೆ, ಅಷ್ಟು ದಿನ ಓಟ ಮೊಟಕಾಗಿರಲಿ.

ಓಟ ತಪ್ಪುವ ದಿನಗಳು ಬಂದೇ ಬರುತ್ತವೆ. 2019ರಂತೆ ಕೃಷ್ಣೆ ಉಕ್ಕಿದರೆ ಜುಗೂಳದಂಥ ಹೊಳೆದಂಡೆಯ ಊರುಗಳಲ್ಲಿ ಓಡುವ ಮಾತೇ ಇಲ್ಲ. 2006ರಲ್ಲಿ ಉತ್ತರ ಕರ್ನಾಟಕವನ್ನು ಹಾಸಿಗೆ ಹಿಡಿಸಿದ ಚಿಕೂನ್‌ಗುನ್ಯಾ ಜ್ವರ ಬಿಟ್ಟ ಮೇಲೂ ಕೀಲುಗಳನ್ನು ತಿಂಗಳುಗಟ್ಟಲೆ ಕಾಡುತ್ತದೆ. ಜ್ವರವಿರುವಾಗ ಓಡಲೇಬಾರದು, ಕೆಲವು ವೈರಾಣುಗಳು ಹೃದಯದ ಸ್ನಾಯುವಿನಲ್ಲೇ ಉರಿಯೂತ ಉಂಟುಮಾಡುತ್ತವೆ. ಜ್ವರ ಬಿಟ್ಟು, ಊಟ ನಿದ್ದೆ ಮೊದಲಿನಂತಾದ ಮೇಲೆ ಕೆಲವು ದಿನ ನಡಿಗೆ ಮಾತ್ರ. ಎರಡು ವಾರ ತಪ್ಪಿದ್ದರೆ ಬಿಟ್ಟಲ್ಲಿಗಿಂತ ಅರ್ಧಕ್ಕೆ ಇಳಿದು ತೊಡಗಬೇಕು. ತಿಂಗಳಿಗಿಂತ ಹೆಚ್ಚಾಗಿದ್ದರೆ ಮತ್ತೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ.